ಸುಂಕದವನ ಸೀಮೆಸುಣ್ಣ

ಫೆಬ್ರವರಿ ೯, ಶುಕ್ರವಾರ

ಮೂವತ್ತೊಂದು ವರ್ಷ ಬಂದರಿನ ಸುಂಕದ ಕಟ್ಟೆಯಲ್ಲಿ ಫ್ಯಾನಿನ ಕೆಳಗೆ ಕುಳಿತು ಪರರ ಪೆಟ್ಟಿಗೆ ಬಿಚ್ಚಿಸಿದ ಇನ್ಸ್‌ಪೆಕ್ಟರ್ ತಾಜುಸ್ಸಿರ್, ಅಂದರೆ ನಾನು, ಇಂದಿನಿಂದ ಸೌದೆ ಒಡೆಯುವವನು. ನೇಮಕ ಮಾಡಿದವಳು ನನ್ನ ಅಕ್ಕ ಸಿತ್ತನಾ. ಸಂಬಳ ಎರಡು ಸೌಟು ಬೇಳೆ. ಭಡ್ತಿ ಇಲ್ಲ, ರಜೆ ಇಲ್ಲ, ವಾದ ಮಾಡಿದರೆ ಆ ಎರಡು ಸೌಟೂ ಇಲ್ಲ.

"ಅರವತ್ಮೂರು ವರ್ಷ ಆಯ್ತು. ಹತ್ತು ತಿಂಗಳಿಂದ ಮಂಚದ ಮೇಲೆ ಬಿದ್ಕೊಂಡು ಯುದ್ಧಾನ ಬೈತಾ ಇದೀಯ. ನೀನು ಬೈದ್ರೆ ನನ್ನ ಒಲೆ ಉರಿಯುತ್ತೇನೋ? ಏಳು ಮೇಲೆ!" ಎಂದಳು. ಎದ್ದೆ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಗಂಡನೂ ಹೆಂಡತಿಯೂ ಕೊಬ್ಬಿ ಕುಳಿತಿದ್ದಾರೆ, ನೈಲ್ ದಂಡೆಯ ನಮ್ಮ ಓಮ್‌ದುರ್ಮಾನ್ ಊರಿನ ಕೂಸು ಮಾತ್ರ ಬಕೀಟು ಹಿಡಿದು ಅಕ್ಕನ ಅಂಗಳದಲ್ಲಿ ಸಾಲು ನಿಂತಿದೆ. ನಾನೂರು ಮನೆಗಳು. ಬೆಳಿಗ್ಗೆ ಫೂಲ್ ಕಾಳು, ಮಧ್ಯಾಹ್ನ ಬೇಳೆ. ನಮ್ಮ ಬೀದಿಯನ್ನು ಹಿಡಿದವರನ್ನು ಈ ಕಡೆಯವರು, ಊರಿನ ದಕ್ಷಿಣಕ್ಕಿರುವವರನ್ನು ಆ ಕಡೆಯವರು ಎಂದು ಬರೆಯುತ್ತೇನೆ. ಡೈರಿ ಯಾರ ಕೈಗೆ ಸಿಕ್ಕರೂ ಇನ್ನೊಬ್ಬರನ್ನೇ ಬೈದದ್ದು ಅಂದುಕೊಳ್ಳಲಿ.

ಸೌದೆ ಎಂದರೆ ಮರವಲ್ಲ. ಊರಿನಲ್ಲಿದ್ದ ಬೇವಿನ ಮರಗಳೆಲ್ಲ ಆಗಲೇ ಬೇಳೆಯಾಗಿ ಹೊಟ್ಟೆ ಸೇರಿವೆ. ನಾನು ಒಡೆಯುವುದು ಗುಂಡಿನ ಖಾಲಿ ಪೆಟ್ಟಿಗೆ. ನಮ್ಮ ಮನೆಯ ಹಿಂಬದಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಈ ಕಡೆಯವರು ಬೀಡು ಬಿಟ್ಟಿದ್ದಾರೆ, ಖಾಲಿಯಾದದ್ದನ್ನು ಗೋಡೆಯಾಚೆಯಿಂದ ಎಸೆಯುತ್ತಾರೆ. ಒಳ್ಳೆಯ ಮರ, ಪರದೇಶದ್ದು. ಒಂದರ ಮೇಲೆ "ನೀರಿನ ಪಂಪಿನ ಬಿಡಿಭಾಗ" ಎಂದು ಬರೆದಿತ್ತು. ನಕ್ಕು ನಕ್ಕು ಕೊಡಲಿ ಕೈಜಾರಿತು.

ಫೆಬ್ರವರಿ ೧೨, ಸೋಮವಾರ

ಇಂದು ಬಂದದ್ದು ಖಾಲಿ ಪೆಟ್ಟಿಗೆಗಳಲ್ಲ, ತುಂಬಿದವು. ಆರು ಲಾರಿ. ಎಲ್ಲವನ್ನೂ ಶಾಲೆಯ ಐದನೇ ತರಗತಿಗೆ ಪೇರಿಸಿದರು. ಐದನೇ ತರಗತಿಯ ಹಿಂಗೋಡೆಯೇ ನಮ್ಮ ಒಲೆಯ ಹಿಂಗೋಡೆ. ಅತ್ತ ಮದ್ದು, ಇತ್ತ ಬೆಂಕಿ, ನಡುವೆ ಒಂದು ಇಟ್ಟಿಗೆ.

ಅಕ್ಕ ಸೌಟು ಹಿಡಿದುಕೊಂಡೇ ಹೊರಟಳು. ಅವಳ ಹಿಂದೆ ನಾನು, ನನ್ನ ಹಿಂದೆ ರೌದಾ ಟೀಚರ್. ಈಕೆ ಅದೇ ಶಾಲೆಯ ಲೆಕ್ಕದ ಟೀಚರ್. ಶಾಲೆ ಮುಚ್ಚಿದಾಗಿನಿಂದ ದಿನವೂ ಬಂದು ನಮ್ಮ ಬೇಳೆ ತಿರುವುತ್ತಾಳೆ, ತಿರುವುತ್ತಲೇ ಗೋಡೆಯಾಚೆಗೆ ಇಣುಕುತ್ತಾಳೆ.

ಬೀಡಿನ ಮುಖ್ಯಸ್ಥ ಕ್ಯಾಪ್ಟನ್ ದಫಲ್ಲಾ ಗೇಟಿನಲ್ಲೇ ಇದ್ದ. ಇಪ್ಪತ್ತೆಂಟರ ಪ್ರಾಯ, ಕಪ್ಪು ಕನ್ನಡಕ, ಖರ್ಜೂರದ ಗರಿಯಷ್ಟು ಸಪೂರ ಮೈ.

"ಏನ್ ಮಗಾ ಇದು?"

"ಗುಂಡು, ದೊಡ್ಡಮ್ಮ."

"ಗುಂಡು ಅಂತ ನಂಗೂ ಕಾಣ್ಸುತ್ತೆ. ನನ್ನ ಗೋಡೆಗೆ ಒತ್ತಿ ಯಾಕೆ ಇಡ್ತಿದೀಯ?"

"ಇಲ್ಲೇ ಭದ್ರ. ನಿಮ್ಮ ಅಂಗಳದಲ್ಲಿ ದಿನಾ ಇಷ್ಟೊಂದು ಜನ ನಿಂತಿರ್ತಾರೆ. ಜನರಿರೋ ಕಡೆ ಅವ್ರು ಬಾಂಬ್ ಹಾಕಲ್ಲ."

"ಓಹೋ! ಅವ್ರು ಅಷ್ಟು ಒಳ್ಳೆಯವ್ರಾ? ಅಂಥವ್ರ ಜೊತೆ ನಿಂಗ್ಯಾಕಪ್ಪಾ ಹೊಡೆದಾಟ?"

ಅವನ ಹುಡುಗರೇ ಕಿಸಕ್ಕನೆ ನಕ್ಕರು. ಕ್ಯಾಪ್ಟನ್ ಕನ್ನಡಕ ಸರಿಮಾಡಿಕೊಂಡು, "ಮೇಲಿನವ್ರ ಆರ್ಡರ್ ದೊಡ್ಡಮ್ಮ. ನನ್ನ ಕೈಯಲ್ಲಿ ಏನೂ ಇಲ್ಲ," ಎಂದ. ಕೈಯಲ್ಲಿ ಬಂದೂಕಿತ್ತು.

ಅಡುಗೆಯನ್ನೇ ಬೇರೆಡೆಗೆ ಸಾಗಿಸೋಣ ಎಂದೆ. ಅಕ್ಕ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ. "ಬಾವಿ ಇಲ್ಲಿದೆ. ನೀನು ಬಾವೀನ ತಲೆ ಮೇಲೆ ಹೊತ್ಕೊಂಡು ಬಾ, ನಾನು ಒಲೆ ತರ್ತೀನಿ," ಎಂದಳು.

ಫೆಬ್ರವರಿ ೧೫, ಗುರುವಾರ

ಪಕ್ಕದ ಕೇರಿಯ ತರಕಾರಿ ಸಂತೆಯ ಮೇಲೆ ಡ್ರೋನ್ ಬಿತ್ತು. ಸಂತೆಯ ಹಿಂದಿನ ಮಳಿಗೆಯಲ್ಲಿ ಈ ಕಡೆಯವರು ಗುಂಡು ಇಟ್ಟಿದ್ದರಂತೆ. ಜನರಿರುವ ಕಡೆ ಹಾಕುವುದಿಲ್ಲ ಎಂಬ ಸಿದ್ಧಾಂತ ಮುಗಿಯಿತು. ದಿನವೂ ಸಾಲಿನಲ್ಲಿರುತ್ತಿದ್ದ ಹಸಿರು ಬಕೀಟಿನ ಹೆಂಗಸು ಇಂದು ಬರಲಿಲ್ಲ. ಅವಳ ಹೆಸರನ್ನು ನಾನು ಒಂದು ದಿನವೂ ಕೇಳಿರಲಿಲ್ಲ. ತುಂಬ ನಾಚಿಕೆಯಾಯಿತು.

ಸಂಜೆ ಉಪಗ್ರಹದ ತಟ್ಟೆ ಇಟ್ಟಿರುವ ಅಂಗಡಿಗೆ ಹೋದೆ. ಅಲ್ಲಿ ಮಾತ್ರ ಇಂಟರ್ನೆಟ್ ಸಿಗುತ್ತದೆ. ಇಖ್ಲಾಸ್ ಫೋನ್ ಮಾಡಿದಳು. ಬಂದರಿನಲ್ಲಿ ನನ್ನ ಕೈಕೆಳಗಿದ್ದ ಹುಡುಗಿ, ಈಗ ನೈರೋಬಿಯಲ್ಲಿದ್ದಾಳೆ. ಯಾವ ಆಯುಧ ಯಾವ ದೇಶದಿಂದ ಯಾರ ಕೈಗೆ ಹೋಯಿತು ಎಂದು ಪತ್ತೆ ಹಚ್ಚುವವರ ಜೊತೆ ಕೆಲಸ. ನೀರಿನ ಪಂಪಿನ ಪೆಟ್ಟಿಗೆಯ ಫೋಟೋ ತಮಾಷೆಗೆ ಕಳಿಸಿದ್ದೆ. ಅವಳು ತಮಾಷೆಯಾಗಿ ತೆಗೆದುಕೊಂಡಿರಲಿಲ್ಲ.

"ಸಾರ್, ಖಾಲಿ ಪೆಟ್ಟಿಗೆ ಸಾಲಲ್ಲ. ತುಂಬಿದ್ದರೊಳಗೆ ಒಂದು ಚೀಟಿ ಇರುತ್ತೆ, ಕಾರ್ಖಾನೆ, ವರ್ಷ, ಕಂತಿನ ನಂಬರು. ಅದು ಸಿಕ್ರೆ ಕಳಿಸಿದವ್ರು ತಪ್ಪಿಸ್ಕೊಳ್ಳೋಕಾಗಲ್ಲ. ಇಲ್ಲಿಗೆ ಆಯುಧ ಕಳಿಸ್ತಿಲ್ಲ ಅಂತ ಎಲ್ಲಾ ದೇಶದವ್ರೂ ಆಣೆ ಮಾಡ್ತಿದಾರೆ."

"ಚೀಟಿ ಮುಂದೆ ಇಟ್ರೆ ಏನಾಗುತ್ತಮ್ಮಾ?"

"ನಾಚಿಕೆ ಆಗ್ಬೋದು ಸಾರ್."

"ನಾಚಿಕೆ ಮೇಲೆ ನಮ್ಮ ಕಾಲ್ದಲ್ಲಿ ಸುಂಕಾನೇ ಇರ್ಲಿಲ್ಲ. ಯಾರೂ ತರ್ತಿರ್ಲಿಲ್ಲ, ಅದಕ್ಕೆ."

ಒಂದೆರಡು ಚೀಟಿಯ ಫೋಟೋ ತೆಗೆದು ಕಳಿಸಿ ಎಂದಳು. ನನ್ನಿಂದಾಗದು ಎಂದು ಹೇಳಿ ಫೋನ್ ಇಟ್ಟೆ. ನಾನು ನಿವೃತ್ತ. ಪಿಂಚಣಿಯೂ ಬರದ ನಿವೃತ್ತ.

ಫೆಬ್ರವರಿ ೧೬

ಡ್ರೋನ್ ಎರಡು ಸಲ ನಮ್ಮ ತಲೆಯ ಮೇಲೆ ಸುತ್ತಿತು. ಸಾಲಿನಲ್ಲಿದ್ದವರು ಕತ್ತೆತ್ತಿ ನೋಡಿದರೇ ಹೊರತು ಯಾರೂ ಜಾಗ ಬಿಡಲಿಲ್ಲ. ಬಿಟ್ಟರೆ ಹಿಂದಿನವರು ಮುಂದೆ ಬರುತ್ತಾರಲ್ಲ.

ಫೆಬ್ರವರಿ ೨೦, ಮಂಗಳವಾರ

ಶಾಲೆಯ ಸೈನಿಕರಿಗೂ ಊಟ ಅಕ್ಕನ ಒಲೆಯಿಂದಲೇ. "ಹೊಟ್ಟೆಗೆ ಕಡೆ ಇಲ್ಲ," ಎನ್ನುತ್ತಾಳೆ. ಇಂದು ಆ ಪಾತ್ರೆ ನಾನು ಹೊರುತ್ತೇನೆ ಎಂದೆ.

"ಸೊಂಟ ನೋವು ಅಂತಿದ್ದೆ?"

"ನಡೆದ್ರೆ ಒಳ್ಳೇದಂತೆ."

ಒಂದು ದೊಡ್ಡ ತಟ್ಟೆ, ಸುತ್ತ ಹದಿನೈದು ಕೈ. ನಮ್ಮಲ್ಲಿ ಒಬ್ಬನನ್ನು ನಿಲ್ಲಿಸಿಕೊಂಡು ಉಣ್ಣುವುದೆಂದರೆ ಹೆತ್ತವಳಿಗೆ ಬೈದ ಹಾಗೆ. ಐದನೇ ತರಗತಿಯ ಬಾಗಿಲು ಕಾಯುವವನನ್ನೂ "ಬಾರೋ, ಕೂತ್ಕೋ, ಆಣೆ ಇದೆ," ಎಂದು ರಟ್ಟೆ ಹಿಡಿದು ಎಳೆದು ಕೂರಿಸಿದರು. ನನ್ನನ್ನೂ ಎಳೆದರು. ಹರಕೆಯ ಉಪವಾಸ ಎಂದು ಸುಳ್ಳು ಹೇಳಿದೆ. ದೇವರು ಕ್ಷಮಿಸಲಿ, ಎಳ್ಳೆಣ್ಣೆ ಹಾಕಿದ ಫೂಲ್ ಘಮ್ಮೆನ್ನುತ್ತಿತ್ತು.

ಅವರು ತಟ್ಟೆ ನೆಕ್ಕುವಷ್ಟರಲ್ಲಿ ಒಳಗೆ ಹೋಗಿ ನಾಲ್ಕು ಪೆಟ್ಟಿಗೆ ಬಿಚ್ಚಿ ಮುಚ್ಚಿದೆ. ಸುಮ್ಮನೆ ಕುತೂಹಲಕ್ಕೆ, ಅಷ್ಟೇ. ಫೋಟೋ ತೆಗೆದದ್ದೂ ಕುತೂಹಲಕ್ಕೇ. ಮನೆಗೆ ಬಂದಾಗ ಬೆರಳೆಲ್ಲ ಬೆಳ್ಳಗಾಗಿದ್ದವು. ಶಾಲೆಯಲ್ಲಿ ಧೂಳು ವಿಪರೀತ.

ಫೆಬ್ರವರಿ ೨೫, ಭಾನುವಾರ

ಆರು ದಿನ, ಐವತ್ತೆರಡು ಪೆಟ್ಟಿಗೆ! ಸೊಂಟ ನೋವು ಎಲ್ಲಿ ಹೋಯಿತೋ ಗೊತ್ತಿಲ್ಲ. ಮುಚ್ಚಳದ ಮೊಳೆಯನ್ನು ಸದ್ದಿಲ್ಲದೆ ಎಬ್ಬಿಸುವ ವಿದ್ಯೆ ಕೈ ಮರೆತಿಲ್ಲ. "ಹಾಲಿನ ಪುಡಿ" ಎಂದಿದ್ದುದರಲ್ಲಿ ರೈಫಲ್ ಗುಂಡು, "ಶಾಲಾ ಸಾಮಗ್ರಿ" ಎಂದಿದ್ದುದರಲ್ಲಿ ಮಾರ್ಟರ್ ಶೆಲ್ಲು. ಎರಡನೆಯದು ಪೂರ್ತಿ ಸುಳ್ಳಲ್ಲ, ಶಾಲೆಗೇ ಬಂದಿದೆಯಲ್ಲ.

ಎಲ್ಲಕ್ಕಿಂತ ದೊಡ್ಡ ಬೇಟೆ ಹೀಗಿದೆ. ಆ ಕಡೆಯವರು ಬಿಟ್ಟು ಓಡಿದ ಪೆಟ್ಟಿಗೆಗಳೂ ನನ್ನ ಸೌದೆ ರಾಶಿಯಲ್ಲಿವೆ. ಒಂದರಲ್ಲಿ ಚೀಟಿ ಹಾಗೇ ಉಳಿದಿತ್ತು, ಅದರ ಕಾರ್ಖಾನೆಯೂ ಶಾಲೆಯ ಪೆಟ್ಟಿಗೆಗಳ ಕಾರ್ಖಾನೆಯೂ ಒಂದೇ. ಕಂತಿನ ನಂಬರು ಒಂದರ ಹಿಂದೊಂದು. ಎರಡು ಬೀದಿಯ ಮದುವೆಗೂ ಒಬ್ಬನೇ ಅಡುಗೆಯವನು! ಇಖ್ಲಾಸ್ ಫೋನಿನಲ್ಲಿ ಕಿರುಚಿಯೇಬಿಟ್ಟಳು.

ಇಂದು ಪರದೇಶದ ನೆರವಿನ ಬೇಳೆ ನಾಲ್ಕು ಮೂಟೆ ಬಂತು. ಮೂಟೆಯ ಮೇಲೆ ಒಂದು ಬಾವುಟ, ಕೆಳಗೆ "ನಾಗರಿಕರ ರಕ್ಷಣೆಗೆ ನಾವು ಬದ್ಧ". ಪೆಟ್ಟಿಗೆ ಕಳಿಸಿದ ದೇಶವೇ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದು ಎಂದರೆ ಇದೇ. ಬೇಳೆ ಮಾತ್ರ ಚೆನ್ನಾಗಿ ಬೆಂದಿತು.

ಗುರುವಾರ ಮಾರ್ಟರ್ ಕೊಳವೆಯೊಳಗೇ ಶೆಲ್ಲು ಸಿಡಿದು ಕ್ಯಾಪ್ಟನ್‌ನ ಇಬ್ಬರು ಹುಡುಗರು ಸತ್ತರು. ಹಿಂದಿನ ದಿನ ನನ್ನ ಕೈಯಿಂದ ಬೇಳೆ ಬಡಿಸಿಕೊಂಡವರು. ಯಾವ ಪೆಟ್ಟಿಗೆಯದು ಎಂದು ನನಗೆ ಗೊತ್ತು. ನಲವತ್ತು ವರ್ಷ ಹಳೆಯ ಮಾಲಿಗೆ ಹೊಸ ಬಣ್ಣ ಬಳಿದು ಕಳಿಸಿದ್ದಾರೆ. ಹೇಳಲೋ ಬೇಡವೋ ಎಂದುಕೊಳ್ಳುತ್ತ ಸುಮ್ಮನಾದೆ. ಹೇಳಿದರೆ, ನಿನಗೆ ಹೇಗೆ ಗೊತ್ತು ಎನ್ನುತ್ತಾರೆ.

ಫೆಬ್ರವರಿ ೨೭, ಮಂಗಳವಾರ

ಕೆಟ್ಟೆ. ಕೆಟ್ಟೆ. ಕೆಟ್ಟೆ.

ಬೆಳಿಗ್ಗೆ ಕ್ಯಾಪ್ಟನ್ ಹತ್ತು ಜನರೊಂದಿಗೆ ಅಂಗಳಕ್ಕೆ ಬಂದ. ಐದನೇ ತರಗತಿಯ ಐವತ್ತೆರಡು ಪೆಟ್ಟಿಗೆಗಳ ಮೇಲೆ, ಬಲಗಡೆ ಕೆಳಮೂಲೆಯಲ್ಲಿ, ಸೀಮೆಸುಣ್ಣದ ಗುರುತಿದೆಯಂತೆ. ಒಂದು ಸೊನ್ನೆ, ಅದರೊಳಗೆ ಗೆರೆ. ಡ್ರೋನಿಗೆ ದಾರಿ ತೋರಿಸಲು ಗೂಢಚಾರ ಯಾರೋ ಹಾಕಿದ್ದಾನೆ ಎಂದು ಹುಡುಗರು ರಾತ್ರಿಯೆಲ್ಲ ಮಲಗಿಲ್ಲ.

ಗುರುತು ಹೇಗಿದೆ ಎಂದು ಕಿವಿಗೆ ಬಿದ್ದ ಕೂಡಲೇ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಸೊನ್ನೆಯೊಳಗೆ ಗೆರೆ ಎಂದರೆ "ಪರೀಕ್ಷಿಸಲಾಗಿದೆ". ಮೂವತ್ತೊಂದು ವರ್ಷ, ದಿನಕ್ಕೆ ಇನ್ನೂರು ಪೆಟ್ಟಿಗೆ, ಮುಚ್ಚಳ ಮುಚ್ಚಿದ ಮೇಲೆ ಕೈ ತಾನಾಗಿ ಹಾಕುತ್ತಿದ್ದ ಗುರುತು. ಕಪ್ಪುಹಲಗೆಯ ಕೆಳಗೆ ಸೀಮೆಸುಣ್ಣ ಇತ್ತು. ಯಾವಾಗ ತೆಗೆದುಕೊಂಡೆ, ಯಾವಾಗ ಬರೆದೆ, ದೇವರಾಣೆಗೂ ನೆನಪಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಸರ್ಕಾರಿ ಗುಣ ಅದಕ್ಕಿಂತ ಗಟ್ಟಿ.

"ಈ ಬೀದೀಲಿ ಸೀಮೆಸುಣ್ಣ ಹಿಡಿಯೋ ಕೈ ಒಂದೇ," ಎಂದು ಕ್ಯಾಪ್ಟನ್ ರೌದಾ ಟೀಚರ್ ಕಡೆ ತಿರುಗಿದ. ಅವಳು ಸೌಟು ಕೆಳಗಿಟ್ಟು, ಕೈ ತೊಳೆದು, "ಬೇಳೆ ತಳ ಹಿಡಿಯುತ್ತೆ, ಯಾರಾದ್ರೂ ತಿರುವ್ತಾ ಇರಿ," ಎಂದು ಹೇಳಿ ಅವರ ಜೊತೆ ಹೋದಳು.

ನಾನು ತಿರುವಿದೆ.

ಫೆಬ್ರವರಿ ೨೮

ಜ್ವರ. ಏನೂ ಬರೆಯುವುದಿಲ್ಲ.

ಫೆಬ್ರವರಿ ೨೯, ಗುರುವಾರ

ಜ್ವರ ಇರಲಿಲ್ಲ. ಹೇಡಿತನ ಇತ್ತು. ಅಕ್ಕ ಹಣೆ ಮುಟ್ಟಿ ನೋಡಿ, "ತಣ್ಣಗಿದೆಯಲ್ಲೋ," ಎಂದು ಮಂಚದ ಪಕ್ಕ ಕುಳಿತಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕಥೆಯನ್ನು ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ, ನನ್ನ ಬಿಳಿ ಜಲಾಬಿಯಾ ತಂದು ಕೊಟ್ಟಳು. ಹಬ್ಬಕ್ಕೆ ಹಾಕುವ ನಿಲುವಂಗಿ.

"ಹೋಗ್ತೀಯಾ, ನಾನು ಎಳ್ಕೊಂಡು ಹೋಗ್ಲಾ?"

ಹೋದೆ. ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಕ್ಯಾಪ್ಟನ್ ಇದ್ದ. ಮೂಲೆಯ ಬೆಂಚಿನ ಮೇಲೆ ರೌದಾ ಟೀಚರ್. ಕೆನ್ನೆ ಊದಿತ್ತು.

"ಆ ಗುರುತು ನಂದು," ಎಂದೆ.

"ಚಿಕ್ಕಪ್ಪ, ಮನೆಗೆ ಹೋಗಿ. ವಯಸ್ಸಾದವರು."

"ನಾನು ಸುಂಕದ ಇನ್ಸ್‌ಪೆಕ್ಟರ್. ಪೆಟ್ಟಿಗೆ ಬಿಚ್ಚಿ ನೋಡ್ದೆ, ಗುರುತು ಹಾಕ್ದೆ. ಅಭ್ಯಾಸ."

"ಯಾರಿಗೋಸ್ಕರ ನೋಡಿದ್ರಿ?"

ಫೋಟೋದ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ನುಂಗಿದೆ.

"ನನ್ನ ಅಕ್ಕನಿಗೋಸ್ಕರ. ಗೋಡೆ ಆ ಕಡೆ ಅವಳ ಒಲೆ ಇದೆ. ಹೋದ ಗುರುವಾರ ನಿನ್ನ ಹುಡುಗರು ಸತ್ತಿದ್ದು ಅವರ ತಪ್ಪಿನಿಂದ ಅಲ್ಲ ಕಣಪ್ಪಾ. ಆ ಶೆಲ್ಲು ನಿನಗಿಂತ ಹನ್ನೆರಡು ವರ್ಷ ದೊಡ್ಡದು. ಹೊಸ ಬಣ್ಣ ಕೆರೆದು ನೋಡು, ಹಳೇ ವರ್ಷ ಕಾಣುತ್ತೆ. ಅಂಥವು ಇನ್ನೂ ಹತ್ತೊಂಬತ್ತು ಪೆಟ್ಟಿಗೆ ಇವೆ. ಮುಂದಿನ ತಿಂಗಳ ಬಿಸಿಲಿಗೆ ತಗಡಿನ ಸೂರಿನ ಕೆಳಗೆ ಅವು ಡ್ರೋನಿಗೂ ಕಾಯಲ್ಲ, ತಾವಾಗೇ ಸಿಡಿಯುತ್ವೆ."

ಅವನು ಒಂದು ಶೆಲ್ಲು ತರಿಸಿ ಚಾಕುವಿನಿಂದ ಕೆರೆದ. ಹಳೆಯ ವರ್ಷ ಕಾಣಿಸಿತು. ಕಪ್ಪು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಮೊದಲ ಸಲ ಅವನ ಕಣ್ಣು ನೋಡಿದೆ. ತೀರಾ ಚಿಕ್ಕ ಹುಡುಗನ ಕಣ್ಣು, ಕೆಂಪಾಗಿದ್ದವು.

"ಅವರಿಬ್ಬರಲ್ಲಿ ಒಬ್ಬ ನನ್ನ ಚಿಕ್ಕಮ್ಮನ ಮಗ," ಎಂದ. "ಸರಿಯಾಗಿ ತುಂಬೋಕೆ ಬರಲ್ಲ ಅಂತ ನಾನೇ ಬೈದಿದ್ದೆ."

ಟೀಚರನ್ನು ಬಿಟ್ಟ. ನನ್ನನ್ನು ಬಿಡಲಿಲ್ಲ. ಪೆಟ್ಟಿಗೆಗಳನ್ನು ನದಿಯ ದಂಡೆಯ ಹಳೆ ಇಟ್ಟಿಗೆ ಗೂಡಿಗೆ ಸಾಗಿಸುತ್ತಾನಂತೆ. ಅಲ್ಲಿ ನಾನು ಒಂದೊಂದನ್ನೂ ನೋಡಿ ಕೆಟ್ಟದ್ದನ್ನು ಬೇರೆ ಮಾಡಿಕೊಡಬೇಕಂತೆ. ಅಂದರೆ ನಾನು ಮತ್ತೆ ಸರ್ಕಾರಿ ನೌಕರ.

ಮಾರ್ಚ್ ೩, ಭಾನುವಾರ

ಐದನೇ ತರಗತಿ ಖಾಲಿ. ರೌದಾ ಟೀಚರ್ ಒಳಗೆ ಹೋಗಿ ಕಸ ಗುಡಿಸಿದಳು. ನಾನು ಕ್ಷಮೆ ಕೇಳಿದೆ. ಅವಳು ಕಸವನ್ನು ಬಾಗಿಲಾಚೆಗೆ ತಳ್ಳಿದಳು. ಆಮೇಲೆ, "ಎರಡು ದಿನ ತಡ ಮಾಡಿದ್ರಿ ಇನ್ಸ್‌ಪೆಕ್ಟರ್ ಸಾಹೇಬ್ರೇ," ಎಂದಳು. ಹೌದು, ಎರಡು ದಿನ. ಆ ಎರಡು ದಿನ ಅವಳ ಕೆನ್ನೆಯ ಮೇಲಿವೆ.

ಮಾರ್ಚ್ ೧೨, ಮಂಗಳವಾರ. ರಂಜಾನಿನ ಎರಡನೆಯ ದಿನ

ಗೂಡಿನ ಬಳಿ ಮನೆಗಳಿಲ್ಲ, ಸಾಲಿಲ್ಲ, ಒಲೆಯಿಲ್ಲ. ನಾನು, ಪೆಟ್ಟಿಗೆ, ಮೇಲೆ ಗುಂಯ್ ಎನ್ನುವ ಡ್ರೋನ್. ಅದು ಬಿದ್ದರೆ ಈಗ ನನ್ನೊಬ್ಬನ ಮೇಲೆ ಬೀಳುತ್ತದೆ. ಖರ್ಚು ಕಡಿಮೆ.

ಒಂದು ವಿಷಯ ಬರೆದಿಡಬೇಕು. ಬಂದರಿನಲ್ಲಿದ್ದಾಗ ಎಷ್ಟೋ ಕೆಟ್ಟ ಮಾಲಿಗೆ ನಾನು ಒಳ್ಳೆಯದೆಂದು ಗುರುತು ಹಾಕಿದ್ದೇನೆ. ಹುಳ ಬಿದ್ದ ಹಿಟ್ಟು, ಅವಧಿ ಮೀರಿದ ಔಷಧ. ಲಕೋಟೆ ಬರುತ್ತಿತ್ತು, ಕೈ ಗುರುತು ಹಾಕುತ್ತಿತ್ತು. ಅದನ್ನು ಯಾರು ತಿಂದರೋ ನಾನು ಕೇಳಲಿಲ್ಲ. ಇಂದು ಒಳ್ಳೆಯ ಮಾಲಿಗೆ ಕೆಟ್ಟದ್ದೆಂದು ಗುರುತು ಹಾಕಿದೆ. ಒಂದಕ್ಕೆ, ಎರಡಕ್ಕೆ, ಆಮೇಲೆ ನಿಲ್ಲಿಸಲು ಮನಸ್ಸಾಗಲಿಲ್ಲ. ನೂರಾ ನಲವತ್ತರಲ್ಲಿ ಹದಿನೇಳನ್ನು ಮಾತ್ರ ಪಾಸು ಮಾಡಿದೆ. ಒಂದನ್ನೂ ಮಾಡದಿದ್ದರೆ ಅನುಮಾನ ಬರುತ್ತದಲ್ಲ.

ಸಂಜೆ ಕ್ಯಾಪ್ಟನ್ ಬಂದ. ಸುತ್ತಾಡಿ ಒಂದು ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಚಿಕ್ಕಪ್ಪ, ಇದು ಹೋದ ವರ್ಷದ್ದು."

"ಹೌದು."

"ಕೆರೆದೆ. ಒಳಗೂ ಹೋದ ವರ್ಷಾನೇ ಇದೆ."

"ಮರುಭೂಮಿ ಬಿಸಿಲಲ್ಲಿ ಬಂದಿದೆ. ಕೆಟ್ಟಿದೆ." ಬಾಯಿ ಒಣಗಿತ್ತು. ಉಪವಾಸ ಎಂದು ಹೇಳಿಕೊಳ್ಳಬಹುದಿತ್ತು.

ಅವನು ನನ್ನನ್ನೇ ನೋಡಿದ. ಆಮೇಲೆ ಜೇಬಿನಿಂದ ಕಾಗದ ತೆಗೆದ. "ಕೆಟ್ಟಿದೆ ಅಂತ ಬರೆದುಕೊಡಿ. ಹೆಸರು, ಹುದ್ದೆ, ಸಹಿ. ಮೇಲಿನವ್ರು ಕೇಳಿದ್ರೆ ನಾನು ಇದನ್ನ ತೋರಿಸ್ತೀನಿ. ನನ್ನ ಹೆಸರು ಎಲ್ಲೂ ಬರಬಾರದು."

ಬರೆದುಕೊಟ್ಟೆ. ತಾಜುಸ್ಸಿರ್, ಸುಂಕದ ಇನ್ಸ್‌ಪೆಕ್ಟರ್, ನಿವೃತ್ತ. ಲಕೋಟೆಯಿಲ್ಲದೆ ಹಾಕಿದ ಸಹಿ ಇಷ್ಟು ನೇರವಾಗಿ ಬರುತ್ತದೆಂದು ಗೊತ್ತಿರಲಿಲ್ಲ. ಅವನು ಹುಡುಗರ ಕಡೆ ತಿರುಗಿ, "ನೀರಿಗೆ ಹಾಕಿ," ಎಂದ. ನೂರಾ ಇಪ್ಪತ್ಮೂರು ಪೆಟ್ಟಿಗೆ ನೈಲ್ ನದಿಗೆ ಬಿದ್ದವು. ಮೊಸಳೆಗಳು ಇನ್ನು ಯಾವ ಕಡೆಯವರನ್ನು ಸೇರುತ್ತವೋ ನೋಡಬೇಕು.

ಮಾರ್ಚ್ ೧೫, ಶುಕ್ರವಾರ

ಇಖ್ಲಾಸಳ ವರದಿ ಹೊರಬಂದಿದೆ. ಕಳಿಸಿದ ದೇಶದವರು, ತೀವ್ರ ಕಳವಳವಾಗಿದೆ, ಪೆಟ್ಟಿಗೆ ನಮ್ಮದಲ್ಲ, ಇನ್ನೂ ಆರು ಮೂಟೆ ಬೇಳೆ ಕಳಿಸುತ್ತೇವೆ ಎಂದಿದ್ದಾರಂತೆ. ಇಖ್ಲಾಸ್ ಅತ್ತಳು. ನಾನೇ ಸಮಾಧಾನ ಹೇಳಿದೆ. ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಎಂಬ ಗಾದೆ ಹುಟ್ಟಿದ್ದು ನಮ್ಮಂಥವರಿಂದಲೇ, ಆದರೂ ಹೇಳಿಕೊಂಡಳು, ಕೇಳಿದೆ.

ಮಧ್ಯಾಹ್ನ ಕ್ಯಾಪ್ಟನ್ ಒಬ್ಬನ ಹತ್ತಿರ ಹೇಳಿಕಳಿಸಿದ. ಈ ಕಡೆಯವರ ಮೇಲಧಿಕಾರಿ ಒಬ್ಬ ಗೂಡಿನ ಬಳಿ ಬಂದು ಕುಳಿತಿದ್ದಾನೆ. ಜೊತೆಗೆ ಹೊಸದಾಗಿ ನಾಲ್ಕು ಲಾರಿ. ಇಷ್ಟೊಂದು ಮಾಲು ಕೆಟ್ಟಿದೆ ಎಂದು ಸಹಿ ಹಾಕಿದ ಇನ್ಸ್‌ಪೆಕ್ಟರ್ ಎಲ್ಲಿ ಎಂದು ಕೇಳುತ್ತಿದ್ದಾನೆ. ಅವನ ಎದುರು ನಿಂತು ನಾನು ಹೂಂ ಎಂದರೆ ಲಾರಿಗಳು ಗೂಡಿನಲ್ಲೇ ಇಳಿಯುತ್ತವೆ, ಪರೀಕ್ಷೆ ಮುಂದುವರಿಯುತ್ತದೆ. ನಾನು ಹೋಗದಿದ್ದರೆ ಸಹಿ ಸುಳ್ಳು, ಲಾರಿಗಳು ನೇರ ಶಾಲೆಗೆ. ಪೂರ್ವಕ್ಕೆ ಹೋಗುವ ಬಸ್ಸು ನಾಲ್ಕು ಗಂಟೆಗಿದೆ ಎಂಬುದನ್ನೂ ಕ್ಯಾಪ್ಟನ್ ಹೇಳಿಕಳಿಸಿದ್ದಾನೆ. ಹುಡುಗ ಕೆಟ್ಟವನಲ್ಲ.

ಅಕ್ಕನಿಗೆ ಬಸ್ಸಿನ ವಿಷಯ ಹೇಳಿದೆ. "ಹೋಗು," ಎಂದಳು. ಜೀವನದಲ್ಲಿ ಮೊದಲ ಸಲ ನನ್ನನ್ನು ಕೆಲಸದಿಂದ ಬಿಡಿಸಿದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಹೊಗೆ ಎಂದಳು. ಒಲೆ ಇನ್ನೂ ಹೊತ್ತಿಸಿರಲಿಲ್ಲ.

ಗಂಟೆ ಮೂರೂವರೆ. ಸಂಜೆಯ ಇಫ್ತಾರಿಗೆ ಜನ ಆಗಲೇ ಬಕೀಟುಗಳನ್ನು ಸಾಲಾಗಿ ಇಟ್ಟು ಜಾಗ ಹಿಡಿದಿದ್ದಾರೆ. ಬಾಗಿಲಿನಿಂದ ಮೂಲೆಯವರೆಗೆ ಇವೆ, ಮೂಲೆಯಾಚೆಗೆ ಎಷ್ಟಿವೆಯೋ ಇಲ್ಲಿಂದ ಕಾಣುವುದಿಲ್ಲ. ನನಗೆ ತುಂಬ ಹೆದರಿಕೆಯಾಗುತ್ತಿದೆ. ಗೂಡಿಗೆ ಹೋಗಿ ಬರುತ್ತೇನೆ.